ಜಿಲ್ಲಾ ಪಂಚಾಯತ್‌ಗೆ ಚುನಾವಣೆ ಯಾವಾಗ?

ಮಾನ್ಯ ಸಂಪಾದಕರೇ,

ನಮ್ಮೂರ ಶಾಲೆಯ ದಾರಿಯಲ್ಲಿ ಒಂದು ತೋಡು, ಅದಕ್ಕೊಂದು ಕಾಲುಸಂಕ. ನಾನು ಅದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಒಂದನೇ ಕ್ಲಾಸಿನ ಮಗುವಿನ ಕೈ ಹಿಡಿದು ಆ ಸಂಕ ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಆಗ ಅದು ಬರೀ ಎರಡು ಅಡಿಕೆ ಮರ. 2017ರ ಮಳೆಗಾಲದಲ್ಲಿ ನಮ್ಮ ಜಿಲ್ಲಾ ಪಂಚಾಯತ್ ಮೆಂಬರ್ರು ಶಾಲೆ ಬಿಡುವ ಹೊತ್ತಿಗೆ ಬಂದು ತೋಡಿನ ಬದಿಯಲ್ಲಿ ನಿಂತರು. ಮಕ್ಕಳು ಒಬ್ಬೊಬ್ಬರಾಗಿ ದಾಟುವುದನ್ನು ಕೊನೆಯ ಮಗುವಿನವರೆಗೂ ನೋಡಿದರು. "ಟೀಚರೇ, ಇದನ್ನು ಹೀಗೇ ಬಿಡ್ಲಿಕ್ಕೆ ಆಗುದಿಲ್ಲ" ಅಂದರು. ಮುಂದಿನ ಮಳೆಗಾಲಕ್ಕೆ ಕಾಂಕ್ರೀಟ್ ಹಲಗೆ ಬಂತು, ಎರಡೂ ಬದಿಗೆ ಕಬ್ಬಿಣದ ಪೈಪ್ ಬಂತು.

ಈಗ ಒಂದು ಬದಿಯ ಪೈಪ್ ತುಕ್ಕು ಹಿಡಿದು ಕಳಚಿ ಬಿದ್ದಿದೆ. ಊರಿನ ಹುಡುಗರು ಆ ಜಾಗಕ್ಕೆ ನೈಲಾನ್ ಹಗ್ಗ ಕಟ್ಟಿದ್ದಾರೆ. ಅರ್ಜಿ ಹಿಡಿದು ಒಂದು ಕಚೇರಿಗೆ ಮೂರು ಸಲ ಹೋದೆ. ಅಲ್ಲಿನವರು ಮರ್ಯಾದೆಯಿಂದಲೇ ಮಾತಾಡಿದರು. "ಕ್ರಿಯಾಯೋಜನೆ ಆಗಿಹೋಗಿದೆ ಮೇಡಂ, ಎಂಎಲ್‌ಎ ಹತ್ರ ಒಂದು ಮಾತು ಹೇಳಿಸಿ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇಡೀ ವಿಧಾನಸಭಾ ಕ್ಷೇತ್ರ ನೋಡಬೇಕಾದ ಎಂಎಲ್‌ಎ ಒಂದು ಕಾಲುಸಂಕದ ಪೈಪಿನ ಹಿಂದೆ ಬರಬೇಕಾ? ಅದಕ್ಕೇ ಅಲ್ವಾ ಮೆಂಬರ್ರು ಇದ್ದದ್ದು?

ಈಗ ಮೆಂಬರ್ರೇ ಇಲ್ಲ. ಜಿಲ್ಲಾ, ತಾಲೂಕು ಪಂಚಾಯತ್‌ಗಳಿಗೆ ನಾವು ಕೊನೆಯ ಸಲ ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಆ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಎಷ್ಟೋ ಮಳೆಗಾಲ ಮೆಂಬರ್ರಿಲ್ಲದೆಯೇ ಕಳೆಯಿತು. ಉಡುಪಿಯ ಜಿಲ್ಲಾ ಕಚೇರಿಗಳಿರುವ ಮಣಿಪಾಲದ ರಜತಾದ್ರಿಯಲ್ಲಿ ಸಭಾಂಗಣ ಇದೆ, ಅಧಿಕಾರಿಗಳಿದ್ದಾರೆ, ಊರಿನ ಪರವಾಗಿ ಎದ್ದು ನಿಂತು ಪ್ರಶ್ನೆ ಕೇಳುವವರಿಲ್ಲ.

ಇದು ಹೇಗಾಯಿತು ಅಂತ ಓದುಗರಿಗೆ ನೆನಪಿಸಬೇಕು. ಅವಧಿ ಮುಗಿದಾಗ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಗುರುತಿಸಿತ್ತು, ಕರಡು ಮೀಸಲಾತಿ ಪಟ್ಟಿಯನ್ನೂ ಹೊರಡಿಸಿತ್ತು. ಅಷ್ಟರಲ್ಲಿ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಆ ಎರಡೂ ಕೆಲಸವನ್ನು ಆಯೋಗದ ಕೈಯಿಂದ ತೆಗೆಯಿತು. ಗಡಿ ಗುರುತಿಸಲು ಬೇರೆಯೇ ಆಯೋಗ ಮಾಡಿತು. ಚುನಾವಣಾ ಆಯೋಗವೇ ಹೈಕೋರ್ಟಿಗೆ ಹೋಗಬೇಕಾಯಿತು. ತಿದ್ದುಪಡಿ ತಂದದ್ದು ಬಿಜೆಪಿ ಸರ್ಕಾರ. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ಚುನಾವಣೆ ಮಾತ್ರ ಬರಲಿಲ್ಲ. ಹಾಗಾಗಿ ನಾನು ಒಂದು ಪಕ್ಷವನ್ನು ಬೈಯಲು ಕೂತಿಲ್ಲ. ಗಡಿ ಎಳೆಯುವ ಪೆನ್ಸಿಲು ಆಳುವವರ ಕೈಯಲ್ಲೇ ಇದ್ದರೆ ಚುನಾವಣೆಯ ತಾರೀಕೂ ಅವರ ಕೈಯಲ್ಲೇ ಇರುತ್ತದೆ, ಯಾರೇ ಆಳಲಿ.

ಮೀಸಲಾತಿ ಪಟ್ಟಿಯೊಂದು ಏನು ಮಾಡಬಲ್ಲದು ಅಂತ ಉಡುಪಿ ಪೇಟೆಯವರಿಗೆ ಚೆನ್ನಾಗಿ ಗೊತ್ತು. ನಗರಸಭೆಯ 35 ವಾರ್ಡುಗಳಿಗೆ 2018ರ ಆಗಸ್ಟಿನಲ್ಲಿ ಓಟಾಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರು ಕೋರ್ಟಿನಲ್ಲಿತ್ತು. ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಗೆ. ಗೆದ್ದವರು ಎರಡು ವರ್ಷ ಸುಮ್ನೆ ಕೂತರು.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಿದಂತಿಲ್ಲ. 2021ರ ಡಿಸೆಂಬರಿನಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ಇಬ್ಬರನ್ನು ಆರಿಸಿದರು. ಅದರಲ್ಲಿ ಜಿಲ್ಲಾ, ತಾಲೂಕು ಪಂಚಾಯತ್ ಸದಸ್ಯರ ಓಟೇ ಇರಲಿಲ್ಲ, ಸದಸ್ಯರೇ ಇರಲಿಲ್ಲವಲ್ಲ! 2024ರ ಅಕ್ಟೋಬರಿನ ಉಪಚುನಾವಣೆಯಲ್ಲೂ ಅದೇ ಕಥೆ. ದುಡ್ಡಿಗೂ ಪೆಟ್ಟು ಬಿದ್ದಿದೆ. ಚುನಾಯಿತ ಮಂಡಳಿ ಇಲ್ಲದ ಪಂಚಾಯತ್‌ಗಳಿಗೆ 15ನೇ ಹಣಕಾಸು ಆಯೋಗದ ಅನುದಾನ ಸಿಗಲಿಲ್ಲ.

1987ರ ಚುನಾವಣೆಯಲ್ಲಿ ನಾನು ಹೊಸ ಟೀಚರು. ಮತಗಟ್ಟೆ ಡ್ಯೂಟಿ ಬಿದ್ದಿತ್ತು. ಆಗ ಉಡುಪಿ ಬೇರೆ ಜಿಲ್ಲೆಯಾಗಿರಲಿಲ್ಲ, ಜಿಲ್ಲಾ ಪರಿಷತ್ತು ಅಂದರೆ ಮಂಗಳೂರು. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರು ತಂದ ಕಾಯ್ದೆಯಲ್ಲಿ ಹೆಂಗಸರಿಗೆ ಶೇ. 25 ಸೀಟು ಇಟ್ಟಿದ್ದರು. ಬೀಡಿ ಕಟ್ಟುವ ಹೆಂಗಸರು ಬೆಳಿಗ್ಗೆ ಏಳು ಗಂಟೆಗೇ ಬಂದು ಕ್ಯೂ ನಿಂತಿದ್ದರು. ನನ್ನ ಎದುರು ಬೆರಳು ಚಾಚಿದ ಒಬ್ಬ ಅಜ್ಜಿ, "ಈ ಸಲ ನಮ್ಮವಳೂ ನಿಂತಿದ್ದಾಳೆ" ಅಂತ ಮೆಲ್ಲ ಹೇಳಿದ್ದು ಇನ್ನೂ ಕಿವಿಯಲ್ಲಿದೆ. 1992ರಲ್ಲಿ ಅವಧಿ ಮುಗಿಯಿತು, ಆಡಳಿತಾಧಿಕಾರಿಗಳು ಬಂದರು. ಮತ್ತೆ ಜಿಲ್ಲಾ ಪಂಚಾಯತ್ ಚುನಾವಣೆ ಕಂಡದ್ದು 1995ರಲ್ಲಿ. ಹೀಗೆ ಎಳೆಯಬಾರದು ಅಂತಲೇ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಿರಬೇಕು ಅಂತ 243ಇ ವಿಧಿ ಹೇಳುತ್ತದೆ. ಸುಪ್ರೀಂ ಕೋರ್ಟ್ ಕೂಡ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಇದನ್ನೇ ಹೇಳಿದೆ.

ನಾನು ಕೇಳುವುದು ಇಷ್ಟೇ. ಗಡಿ ಮತ್ತು ಮೀಸಲಾತಿಯ ಕೆಲಸವನ್ನು ಚುನಾವಣಾ ಆಯೋಗಕ್ಕೆ ವಾಪಸ್ ಕೊಡಲಿ, ತಾರೀಕು ಹೇಳಲಿ. ಎರಡೂ ಜಿಲ್ಲೆಗಳ ಶಾಸಕರು, ಯಾವ ಪಕ್ಷದವರಾದರೂ ಸರಿ, ಸದನದಲ್ಲಿ ಇದನ್ನು ಎತ್ತಲಿ. ಕಳೆದ ವಾರದ ಮಳೆಗೆ ನಮ್ಮ ಸಂಕದ ಹಗ್ಗ ಹರಿಯಿತು. ಹುಡುಗರು ಹೊಸತು ಕಟ್ಟಿದ್ದಾರೆ.

– ಒಬ್ಬ ನಿವೃತ್ತ ಶಿಕ್ಷಕಿ, ಕುಂದಾಪುರ ತಾಲೂಕು