‘ಟೆನ್ಷನ್’ ಅಂದರೆ ಯಾವುದು?

ಮಾನ್ಯ ಸಂಪಾದಕರೇ,

ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿದ ಮೇಲೆ ಪುರವಣಿಗಳಲ್ಲಿ ಧ್ಯಾನದ ಬರಹಗಳಿಗೆ ಬರವಿಲ್ಲ. ಆದರೆ ಬಹುಪಾಲು ಬರಹಗಳು ‘ಮನಸ್ಸನ್ನು ಖಾಲಿ ಮಾಡಿ’, ‘ನೆಗೆಟಿವ್ ಯೋಚನೆ ಬಿಡಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಹೇಗೆ ಎಂಬುದೇ ಇರುವುದಿಲ್ಲ. ಓದಿದವರು ಎರಡು ದಿನ ಕೂತು, ಯೋಚನೆ ನಿಲ್ಲದ್ದು ಕಂಡು, ‘ನಮಗಿದು ಆಗಿಬರಲ್ಲ’ ಎಂದು ಎದ್ದುಬಿಡುತ್ತಾರೆ. ಮನಸ್ಸು ಖಾಲಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅದು ಎಲ್ಲೋ ಹೋಗಿದೆ ಎಂದು ಗೊತ್ತಾಗಬೇಕು, ಗೊತ್ತಾದಾಗ ಗದರದೆ ಕರೆತರಬೇಕು, ಅಭ್ಯಾಸವೆಂದರೆ ಇಷ್ಟೇ. ಹತ್ತು ನಿಮಿಷದಲ್ಲಿ ನಲವತ್ತು ಸಲ ಓಡಿಹೋದರೆ ನಲವತ್ತು ಸಲ ಅಭ್ಯಾಸವಾಯಿತೆಂದು ಲೆಕ್ಕ.

ಕೂರುವುದಕ್ಕೆ ಪದ್ಮಾಸನವೇ ಬೇಕಿಲ್ಲ. ಕುರ್ಚಿ ಸಾಕು, ಪಾದ ಪೂರ್ತಿ ನೆಲಕ್ಕೆ ಊರಿರಬೇಕು. ನೆಲದಲ್ಲೇ ಕೂರುವವರು ಮಡಿಸಿದ ಕಂಬಳಿಯನ್ನು ಕುಂಡಿಯ ಕೆಳಗಿಟ್ಟುಕೊಂಡರೆ ಮಂಡಿ ಸೊಂಟಕ್ಕಿಂತ ತಗ್ಗಿನಲ್ಲಿರುತ್ತದೆ, ಕಾಲು ಬೇಗ ಜೋಮು ಹಿಡಿಯುವುದಿಲ್ಲ. ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ ಇಟ್ಟು ಮೊಬೈಲನ್ನು ಬೋರಲು ಹಾಕಿ. ಉಸಿರು ಹೊರಹೋದಾಗಲೆಲ್ಲ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬನ್ನಿ. ಲೆಕ್ಕ ತಪ್ಪಿದರೆ ಒಂದರಿಂದ. ಎಣಿಕೆ ಇಪ್ಪತ್ಮೂರಕ್ಕೆ ಹೋಗಿಬಿಟ್ಟಿದ್ದರೂ ಅಷ್ಟೇ, ಬಾಯಿ ಎಣಿಸುತ್ತಿತ್ತು, ಮನಸ್ಸು ಸಂತೆಗೆ ಹೋಗಿತ್ತು.

ಹೆಚ್ಚಿನವರು ಎಡವುವುದು ಉಸಿರನ್ನು ಎಳೆದಾಡುವಲ್ಲಿ. ‘ದೀರ್ಘವಾಗಿ ಉಸಿರಾಡಿ’ ಎಂದು ಓದಿ ಬುಸುಬುಸು ಎಳೆದು ಬಿಟ್ಟರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾಗಿ ಬೆರಳ ತುದಿ ಜುಮ್ ಎನ್ನುತ್ತದೆ. ಕೆಲವರು ಇದನ್ನು ಕುಂಡಲಿನಿ ಎದ್ದ ಲಕ್ಷಣವೆಂದೂ ತಿಳಿಯುವುದುಂಟು! ಉಸಿರು ಅದರ ಪಾಡಿಗೆ ಬಂದು ಹೋಗಲಿ, ನೋಡುವುದಷ್ಟೇ ನಮ್ಮ ಕೆಲಸ. ಊಟವಾದ ಕೂಡಲೇ ಕೂತರೆ ತೂಕಡಿಕೆ ಖಚಿತ. ಆಗ ಕಣ್ಣು ತೆರೆಯಿರಿ, ಇಲ್ಲವೇ ನಿಂತುಕೊಂಡೇ ಮಾಡಿ.

ಇದೆಲ್ಲ ಸುಲಭದ ಭಾಗ. ಕಷ್ಟವಿರುವುದು ಭಾವನೆಯ ಜೊತೆ ಇರುವುದರಲ್ಲಿ. ಈ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ, ನಾವೇ ಅದನ್ನು ಕೈಬಿಡುತ್ತಿದ್ದೇವೆ. ಈಗ ಎಲ್ಲಕ್ಕೂ ಒಂದೇ ಪದ, ‘ಟೆನ್ಷನ್’. ಮಗಳ ರಿಸಲ್ಟ್ ಬರುವ ದಿನದ ಕಳವಳ, ಸಾಲ ಕೊಟ್ಟವರು ಫೋನ್ ಮಾಡಿದಾಗಿನ ಅಳುಕು, ಮದುವೆಮನೆಯಲ್ಲಿ ಮಾತಾಡಿಸದೆ ಹೋದವರ ಮೇಲಿನ ಮುನಿಸು, ಹೇಳಬಾರದ್ದನ್ನು ಹೇಳಿಬಿಟ್ಟ ಕಸಿವಿಸಿ, ಪಕ್ಕದ ಮನೆಗೆ ಹೊಸ ಕಾರು ಬಂದಾಗಿನ ಹೊಟ್ಟೆಕಿಚ್ಚು, ಎಲ್ಲವೂ ಟೆನ್ಷನ್ನೇ. ಅಳುಕಿಗೆ ಬೇಕಾದ ಉಪಾಯ ಬೇರೆ, ಮುನಿಸಿಗೆ ಬೇಕಾದದ್ದು ಬೇರೆ. ಹೆಸರೇ ತಪ್ಪಾದರೆ ಮದ್ದು ಎಲ್ಲಿ ಹುಡುಕುವುದು?

2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮ್ಯಾಥ್ಯೂ ಲೀಬರ್‌ಮನ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು, ಭಯ ತೋರುವ ಮುಖಗಳ ಚಿತ್ರ ನೋಡಿ ಆ ಭಾವಕ್ಕೆ ಹೊಂದುವ ಪದ ಆರಿಸಿದವರ ಮೆದುಳಿನಲ್ಲಿ ಭಯದಂಥ ಭಾವಗಳಿಗೆ ಚುರುಕಾಗುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ಇಳಿದಿತ್ತು. ಅದೇ ಮುಖಕ್ಕೆ ಗಂಡಿನ ಅಥವಾ ಹೆಣ್ಣಿನ ಹೆಸರು ಹೊಂದಿಸುವಾಗ ಅಷ್ಟು ಇಳಿದಿರಲಿಲ್ಲ. ಭಾವಕ್ಕೆ ಪದ ಕೊಡುವುದೇ ಅದರ ಬಿಸಿ ತಗ್ಗಿಸುತ್ತದೆ ಎನ್ನಲು ಇದೊಂದು ಆಧಾರ.

ಇನ್ನು ನಮ್ಮ ವ್ಯಾಕರಣ. ‘ನನಗೆ ಸಿಟ್ಟು ಬಂತು’ ಎನ್ನುತ್ತೇವೆ. ಅಳು ಬರುತ್ತದೆ, ಬೇಸರವಾಗುತ್ತದೆ, ಹೆದರಿಕೆ ಹುಟ್ಟುತ್ತದೆ. ವಾಕ್ಯದ ಕರ್ತೃ ಸಿಟ್ಟೇ. ನಾವು ಚತುರ್ಥೀ ವಿಭಕ್ತಿ ಹಚ್ಚಿಕೊಂಡು ಪಕ್ಕದಲ್ಲಿ ನಿಂತಿರುತ್ತೇವೆ. ಬಂದದ್ದು ಹೋಗಲೂಬಹುದು. ‘ಫುಲ್ ಟೆನ್ಷನ್‌ನಲ್ಲಿದ್ದೀನಿ’ ಎಂದ ಕೂಡಲೇ ನಾವೇ ಅದರೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಂತೆ. ‘ನಾನೇ ಸಿಟ್ಟಲ್ಲ, ಸಿಟ್ಟು ಬಂದಿದೆ’ ಎಂದು ಇಂಗ್ಲಿಷಿನಲ್ಲಿ ವಾರಗಟ್ಟಲೆ ಕಲಿಸುವ ಪಾಠ ನಮ್ಮ ಮನೆಮಾತಿನಲ್ಲೇ ಇದೆ.

ಮಾಡುವ ಕ್ರಮ ಹೀಗೆ. ಮೊದಲು ಭಾವಕ್ಕೆ ಸರಿಯಾದ ಕನ್ನಡ ಹೆಸರು, ಮನಸ್ಸಿನಲ್ಲೇ. ಎರಡನೆಯದು ಜಾಗ. ಗಂಟಲು ಕಟ್ಟಿದೆಯೋ, ಎದೆ ಡವಗುಟ್ಟುತ್ತಿದೆಯೋ, ಹೊಟ್ಟೆಯಲ್ಲಿ ತಳಮಳವೋ, ಕೈಕಾಲು ತಣ್ಣಗಾಗಿದೆಯೋ. ನಮ್ಮ ನುಡಿಗಟ್ಟುಗಳೇ ಮೈಯ ನಕ್ಷೆ ಬರೆದುಕೊಟ್ಟಿವೆ. ಆಮೇಲೆ ಹತ್ತಕ್ಕೆ ಎಷ್ಟು ಎಂದು ಒಂದು ಅಂಕ. ಆ ಜಾಗದ ಮೇಲೇ ಗಮನವಿಟ್ಟು ಆರು ಉಸಿರು, ಇಲ್ಲಿ ಮಾತ್ರ ಬಿಡುವ ಉಸಿರು ತುಸು ಉದ್ದವಾಗಿರಲಿ. ಮತ್ತೆ ಅಂಕ. ಎಂಟಿದ್ದದ್ದು ಆರಾದರೆ ಸಾಕು. ಸೊನ್ನೆಗೆ ಇಳಿಸಹೊರಟರೆ ಅದು ಭಾವನೆಯ ಜೊತೆ ಹೊಸ ಜಗಳ. ವಾಟ್ಸ್‌ಆ್ಯಪ್ ಉತ್ತರ, ಮೇಲಧಿಕಾರಿಗೆ ಮೇಲ್ ಎಲ್ಲ ಆ ಆರು ಉಸಿರಿನ ಆಚೆಗೆ. ಇಲ್ಲಿ ತಪ್ಪುವುದು ‘ಯಾಕೆ ಬಂತು, ಯಾರಿಂದ ಬಂತು’ ಎಂದು ಹಿಂದೆ ಬೀಳುವುದರಿಂದ. ಆ ಪ್ರಶ್ನೆ ಬೇಡವೆಂದಲ್ಲ. ಬಿಸಿ ಇರುವಾಗ ಕೇಳಿದರೆ ಹಳೆಯ ಲೆಕ್ಕಗಳೆಲ್ಲ ಎದ್ದು ಬರುತ್ತವೆ.

ಎಲ್ಲರಿಗೂ ಇದು ಒಗ್ಗುವುದಿಲ್ಲ ಎಂದು ಬರೆಯುವವರು ಕಡಿಮೆ. ಅಪಘಾತ, ದೌರ್ಜನ್ಯ ಅನುಭವಿಸಿದವರು ಕಣ್ಣು ಮುಚ್ಚಿ ಮೈಯೊಳಗೆ ಗಮನ ಹರಿಸಿದಾಗ ಆ ಘಟನೆಯೇ ಮರುಕಳಿಸಬಹುದು. ಅಂಥವರು ಕಣ್ಣು ತೆರೆದೇ ಇದ್ದು, ಅಂಗಾಲು ನೆಲಕ್ಕೆ ತಾಗುವ ಕಡೆಗೋ ಹೊರಗಿನ ಸದ್ದುಗಳ ಕಡೆಗೋ ಗಮನ ಕೊಡಲಿ. ಆಗಲೂ ಹೆಚ್ಚಾದರೆ ನಿಲ್ಲಿಸಲಿ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಧ್ಯಾನ ಶುರುವಾಯಿತೆಂದು ಮಾತ್ರೆ ಬಿಡುವುದಂತೂ ಕೂಡದು. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ, ಒತ್ತಡ ತಗ್ಗಿಸುವ ಧ್ಯಾನದ ಶಿಬಿರ ಎಂಟು ವಾರದ್ದು, ಕಲಿಸುವವರು ಎದುರಿಗಿರುತ್ತಾರೆ. ಅದನ್ನು ಮೂರು ನಿಮಿಷದ ಆ್ಯಪ್‌ಗೆ ಇಳಿಸಿದಾಗ ಮೊದಲು ಬಿದ್ದುಹೋಗುವುದು ಈ ಎಚ್ಚರಿಕೆಗಳೇ.

ಕೊನೆಗೆ ತಮ್ಮಲ್ಲಿ ಒಂದು ಕೋರಿಕೆ. ಮನಸ್ಸಿನ ಬಗ್ಗೆ ಬರುವ ಲೇಖನಗಳಲ್ಲಿ ‘ಒತ್ತಡ’, ‘ಟೆನ್ಷನ್’ ಎಂದು ಒಂದೇ ಹೊದಿಕೆ ಹೊದಿಸದೆ ಊರೂರಿನ ಮಾತುಗಳಿಗೆ ಜಾಗ ಕೊಡಿ. ಕರಾವಳಿಯವರ ‘ಮಂಡೆಬಿಸಿ’ಗೂ ಉತ್ತರ ಕರ್ನಾಟಕದವರು ‘ಜೀವಕ್ಕ ಬ್ಯಾಸರಾಗೇತಿ’ ಎನ್ನುವುದಕ್ಕೂ ಬಹಳ ಅಂತರವಿರಬಹುದು. ಮೊದಲನೆಯದಕ್ಕೆ ಆರು ಉಸಿರು ಸಾಕಾದೀತು. ಎರಡನೆಯದನ್ನು ಯಾರಾದರೂ ಮತ್ತೆ ಮತ್ತೆ ಹೇಳುತ್ತಿದ್ದರೆ ಅವರಿಗೆ ಧ್ಯಾನ ಹೇಳಿಕೊಡಬೇಡಿ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ, ವೈದ್ಯರ ಬಳಿ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಅಂಥ ಪ್ರತಿ ಲೇಖನದ ಕೆಳಗೆ ಅಚ್ಚು ಹಾಕಲು ಒಂದು ಸಾಲು ಸಾಕು.

ಇಂತಿ,
ಓದುಗ, ಮೈಸೂರು