ಭಾವನಿಗೆ, ಮತ್ತೆ ನಿಮ್ಮೆಲ್ಲರಿಗೂ

ಸೋಮವಾರದಿಂದ ತಮ್ಮ ಮತ್ತೆ ಕೆಲಸಕ್ಕೆ ಹೋಗುತ್ತಾನೆ, ಸದ್ಯಕ್ಕೆ ಅರ್ಧ ದಿನ. ಎವಿಎಂ, ಅಂದರೆ ಮಿದುಳಿನ ರಕ್ತನಾಳಗಳು ಸಿಕ್ಕುಗಟ್ಟಿದ್ದು, ಅದರ ಆಪರೇಷನ್ನು ಎಲ್ಲ ನಿಮಗೆ ಗೊತ್ತೇ ಇದೆ. ರಕ್ತ ಕೊಟ್ಟವರು, ಊಟ ತಂದವರು, ಮಕ್ಕಳನ್ನು ಶಾಲೆಗೆ ಬಿಟ್ಟವರು, ಎಲ್ಲರಿಗೂ ನಮ್ಮ ಮನೆಯವರ ನಮಸ್ಕಾರ.

ಭಾವನ ವಿಷಯ ಮಾತ್ರ ಬಿಡಿಸಿ ಹೇಳಬೇಕು.

ಮೂರನೇ ರಾತ್ರಿ ತಮ್ಮ ಬಸ್ಸು ತಪ್ಪಿಹೋಗುತ್ತದೆಂದು ಮಂಚ ಇಳಿಯಲು ಹೊರಟ, ಕೈಯ ಸೂಜಿ ಕೀಳಲು ನೋಡಿದ. ಮಂಪರಿರಬೇಕು ಎಂದು ಭಾವ ಸುಮ್ಮನಾಗಲಿಲ್ಲ, ಮೊದಲು ನರ್ಸನ್ನು ಕರೆದರು. ತಲೆ ಆಪರೇಷನ್ ಆದವರಿಗೆ ದಿಢೀರ್ ಗೊಂದಲವಾದರೆ ಒಳಗೆ ರಕ್ತಸ್ರಾವ, ಬಾವು, ಫಿಟ್ಸ್, ಸೋಡಿಯಂ ಇಳಿತ, ಯಾವುದೂ ಇರಬಹುದು. ಸಿಟಿ ಸ್ಕ್ಯಾನ್, ರಕ್ತಪರೀಕ್ಷೆ ಮಾಡಿ ಅಂಥದ್ದೇನೂ ಇಲ್ಲವೆಂದ ಮೇಲೆ ಕನ್ನಡಕ ಹಾಕಿಸಿ, ಸಣ್ಣ ದೀಪ ಉಳಿಸಿ, ಬೆಳಗಿನವರೆಗೆ ಕೈ ಹಿಡಿದು ಕೂತರು. ಬಸ್ಸಿಲ್ಲ ಎಂದು ವಾದಕ್ಕಿಳಿಯಲಿಲ್ಲ. "ನಾನು ಭಾವ. ಇದು ಆಸ್ಪತ್ರೆ. ತಲೆ ಆಪರೇಷನ್ ಆಗಿದೆ. ಇವತ್ತು ಗುರುವಾರ." ಕೇಳಿದಷ್ಟು ಸಲವೂ ಇವೇ ನಾಲ್ಕು ಮಾತು, ಅದೇ ದನಿ.

ಮನೆಗೆ ಬಂದ ಮೇಲೆ ಪದಗಳ ಕಷ್ಟ. ಬೀಗದ ಕೈ ಕೈಯಲ್ಲೇ ಇದೆ, ಹೆಸರು ಬಾಯಿಗೆ ಬರದು. ನಾವೆಲ್ಲ ತಟ್ಟನೆ ಹೇಳಿಬಿಡುತ್ತಿದ್ದೆವು. ಭಾವ ಮನಸ್ಸಿನಲ್ಲೇ 10 ಎಣಿಸಿ, "ಅದರಿಂದ ಏನ್ಮಾಡ್ತೀವಿ?" ಎನ್ನುವರು, ಆಗಲೂ ಬರದಿದ್ದರೆ "ಬೀ…" ಎಂದು ಮೊದಲ ಅಕ್ಷರ. ಸ್ಪೀಚ್ ಥೆರಪಿಸ್ಟ್ ಮೇಡಂ ಹೇಳಿಕೊಟ್ಟ ಈ ಕ್ರಮ ಒಂದು ದಿನವೂ ತಪ್ಪಲಿಲ್ಲ. ಪದ ಅಳಿಸಿಹೋಗಿರಲಿಲ್ಲ, ಅದರ ಹತ್ತಿರ ಹೋಗಲು ಹೊತ್ತು ಹಿಡಿಯುತ್ತಿತ್ತು, ಅಷ್ಟೇ. ಮಾತುಮಾತಿಗೆ ಸಿಡುಕುವುದಕ್ಕೆ ಫಿಟ್ಸ್ ಮಾತ್ರೆ ಲೆವೆಟಿರಾಸಿಟಮ್ಮೂ ಕಾರಣವಿರಬಹುದೆಂದು ಹೊಳೆದದ್ದೂ ಅವರಿಗೇ. ಹಾಗಂತ ಮಾತ್ರೆ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಫಿಟ್ಸ್ ಬರಬಹುದು. ಸಿಡುಕಿದ ಹೊತ್ತೆಲ್ಲ ಬರೆದಿಟ್ಟು ಡಾಕ್ಟರಿಗೆ ತೋರಿಸಿದರು, ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು.

"ಆಂಜಿಯೋ ಕ್ಲೀನ್ ಇದೆಯಲ್ಲ, ಇನ್ನೇನು?" ಎಂದು ಯಾರಾದರೂ ಕೇಳಿದರೆ ತಮ್ಮ ತಲೆ ತಗ್ಗಿಸುತ್ತಿದ್ದ. ಅದನ್ನು ನೋಡಲಾಗುತ್ತಿರಲಿಲ್ಲ. ಆಂಜಿಯೋದಲ್ಲಿ ಮಿದುಳಿನ ರಕ್ತನಾಳ ಕಾಣುತ್ತದೆ. ಮೂವರು ಒಟ್ಟಿಗೆ ಮಾತಾಡಿದರೆ ಒಂದೂ ತಲೆಗೆ ಹೋಗದಿರುವುದು, ಸ್ನಾನ ತಿಂಡಿಗೇ ಸುಸ್ತಾಗುವುದು ಕಾಣುವುದಿಲ್ಲ. ಗಮನ, ನೆನಪು, ಯೋಚನೆಯ ವೇಗ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆಯಲ್ಲಿ ಕಂಡಿತು. ನಮ್ಮ ಜನರ ವಯಸ್ಸು, ಓದಿಗೆ ಹೋಲಿಸಿ ನೋಡುವಂತೆ ನಿಮ್ಹಾನ್ಸ್‌ನವರು 2004ರಲ್ಲಿ ಹೊರತಂದ ಪರೀಕ್ಷೆಗಳಿವೆ. ಆ ವರದಿ ಓದಿದ ಮೇಲೆ ಅವನನ್ನು ಸೋಮಾರಿ ಎನ್ನುವವರಿಲ್ಲ.

ವರದಿ ನೋಡಿಯೇ ಆಫೀಸಿನವರು ಒಪ್ಪಿದರು: ಸಲಕ್ಕೆ ಒಂದೇ ಕೆಲಸ, ಅದೂ ಬರೆದುಕೊಟ್ಟು, ಗಂಟೆಗೊಮ್ಮೆ 15 ನಿಮಿಷ ಬಿಡುವು, ಸುಸ್ತಾಗುವ ಮುಂಚೆಯೇ. ಅವರಿಗೂ ಧನ್ಯವಾದ.

ಭಾವ, ಮಾತ್ರೆ, ಫೋನು, ದಿನದ ಮೂರು ಕೆಲಸ ಬರೆಯಲೆಂದು ನೀವು ತಂದ 100 ಪುಟದ ನೋಟ್‌ಬುಕ್ ಮುಗಿಯಿತು. ಎರಡನೆಯದಕ್ಕೆ ಅವನೇ ಬೈಂಡ್ ಹಾಕಿದ್ದಾನೆ.