ಭಾನುವಾರದ ಓದು: ಕೊಲಾಜೆನ್ ಜೀನ್‌ಗಳ ನೆಂಟಸ್ತಿಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ಸೇರೋಣ. ಸೆಮಿನಾರ್ ಇರುವವರು ತಪ್ಪಿಸಬೇಡಿ.

ಕೊಲಾಜೆನ್ ಅಂದರೆ ಚರ್ಮ, ಮೂಳೆಗಳಿಗೆ ಬಲ ಕೊಡುವ ಪ್ರೋಟೀನ್. ಮನುಷ್ಯರಲ್ಲಿ ಅದರ 28 ಬಗೆ, ಅವನ್ನು ಮಾಡುವ 40ಕ್ಕೂ ಜಾಸ್ತಿ ಜೀನ್. ಸುಮ್ನೆ ಪಟ್ಟಿ ಬಾಯಿಪಾಠ ಮಾಡಬೇಡಿ. ನಾಲ್ಕನೇ ಬಗೆಯನ್ನು ನೋಡಿ: ಆರು ಜೀನ್, ಮೂರು ಜೋಡಿ, 13, 2 ಮತ್ತು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ. ಪ್ರತಿ ಜೋಡಿಯೂ ತಲೆಗೆ ತಲೆ ತಾಗಿಸಿ, ಅಂದರೆ ಎರಡೂ ಜೀನ್‌ಗಳ ಆರಂಭದ ತುದಿ ಅಕ್ಕಪಕ್ಕ ಬರುವಂತೆ, ಕೂತಿದೆ. ಹಳೆಯ ಒಂದೇ ಜೋಡಿ ಮತ್ತೆ ಮತ್ತೆ ನಕಲಾದ ಗುರುತಿದು. ಎಷ್ಟು ಚೆಂದ ಅಲ್ವಾ!

ಬರುವ ಮುಂಚೆ ಆರೂ ಪ್ರೋಟೀನ್ ಸರಣಿ ಡೌನ್‌ಲೋಡ್ ಮಾಡಿಕೊಳ್ಳಿ. ವಂಶವೃಕ್ಷ ಕಟ್ಟಲು ಪ್ರತಿ ಸರಣಿಯ ಕೊನೆಯಲ್ಲಿರುವ ಎನ್‌ಸಿ1 ಎಂಬ ಭಾಗ ಸಾಕು. ಮೂರಕ್ಕೊಮ್ಮೆ ಗ್ಲೈಸಿನ್ ಎಂಬ ಅಮೈನೋ ಆಮ್ಲ ಬರುವ ಭಾಗ ದಾರಿ ತಪ್ಪಿಸುತ್ತದೆ. ಆರರಲ್ಲಿ 1, 3, 5ನೇ ಸರಣಿಗಳು ಒಂದು ಕವಲಿಗೆ, 2, 4, 6ನೇ ಸರಣಿಗಳು ಇನ್ನೊಂದಕ್ಕೆ ಬರಬೇಕು.

ಲ್ಯಾಪ್‌ಟಾಪ್ ಇಲ್ಲದವರು, ಬರಲಾಗದವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಮಂಡಕ್ಕಿ, ಮೆಣಸಿನಕಾಯಿ ನನ್ನ ಕಡೆಯಿಂದ.